ಅಣ್ಣನ ಗದ್ದ

ದೊಡ್ಡವನಾದ ಮೇಲೆ ಅಣ್ಣನ ಗದ್ದವನ್ನು ಯಾರೂ ನೋಡಿರಲಿಲ್ಲ. ಮೀಸೆಯ ಜೊತೆಗೇ ಗಡ್ಡವೂ ಬಂದಿತ್ತು, ಬಂದದ್ದು ಬೇರೂರಿಬಿಟ್ಟಿತ್ತು. ಹರೆಯದಲ್ಲಿ ಒಂದು ಸಲ ಕುತ್ತಿಗೆಯಿಂದ ಬೋಳಿಸಲು ಶುರುಮಾಡಿ, ಅಷ್ಟಕ್ಕೇ ಕೆಂಪು ಗುಳ್ಳೆಗಳೆದ್ದು, ಬ್ಲೇಡಿನ ಸಹವಾಸವೇ ಬೇಡವೆಂದು ಕೈಬಿಟ್ಟವನು ಮತ್ತೆ ಮುಟ್ಟಿರಲಿಲ್ಲ. ಅತ್ತಿಗೆ ಅವನನ್ನು ನೋಡಿ ಒಪ್ಪಿದ್ದೂ ಗಡ್ಡದ ಸಮೇತವೇ. "ಬೀಗ ಹಾಕಿದ ಕೋಣೆ ಇರೋ ಮನೇನ ಒಳಗೆ ಏನಿದೆ ಅಂತ ಕೇಳದೇ ಕೊಂಡ್ಕೊಂಡ ಹಾಗಾಯ್ತು ನಂದು" ಎಂದು ಅವಳು ನನ್ನ ಹತ್ತಿರ ಹೇಳಿ ನಗುತ್ತಿದ್ದಳು.

ಅಣ್ಣ ಕಾರುಗಳಿಗೆ ಬಣ್ಣ ಹೊಡೆಯುತ್ತಾನೆ. ಬ್ರಷ್ಷಿನಿಂದಲ್ಲ, ಸ್ಪ್ರೇ ಗನ್ನಿನಿಂದ. ಬ್ರಷ್ ಹಿಡಿಯುವವರು ಗೋಡೆ ಬಳಿಯುವವರು ಎಂಬುದು ಅವನ ಅಭಿಪ್ರಾಯ. ನಾನು ಅದೇ ವರ್ಕ್‌ಶಾಪಿನಲ್ಲಿ ಮರೆ ಕಟ್ಟುವವಳು. ಬಣ್ಣ ತಾಗಬಾರದ ಗಾಜು, ದೀಪ, ಹಿಡಿಗಳಿಗೆಲ್ಲ ಕಾಗದ ಮುಚ್ಚಿ, ಅಂಚಿಗೆ ಟೇಪು ಅಂಟಿಸಿ, ಉಗುರಿನಿಂದ ಒತ್ತುವುದು ನನ್ನ ಕೆಲಸ. ಶಾಲೆ ಬಿಟ್ಟ ವರ್ಷವೇ ಅಣ್ಣ ನನ್ನನ್ನು ಅಲ್ಲಿಗೆ ಸೇರಿಸಿದ. ಈ ಕೆಲಸಕ್ಕೆ ಕಣ್ಣು ಬೇಕು, ಬೆರಳು ಬೇಕು, ಮಾತು ಬೇಡ. ನನಗೆ ಅದರಲ್ಲಿ ಇಷ್ಟವಾದದ್ದೂ ಅದೇ.

ಗಡ್ಡಕ್ಕೆ ಕುತ್ತು ಬಂದದ್ದು ಮಾಸ್ಕ್ ಮೇಡಂ ಬಂದ ದಿನ. ಮೇಡಂ ಅಂದರೆ ಕುಳ್ಳಗಿನ, ಚುರುಕಿನ ಹೆಂಗಸು. ವರ್ಕ್‌ಶಾಪುಗಳಿಗೆ ಹೋಗಿ ಬಣ್ಣದ ಕೋಣೆಯೊಳಗೆ ಹೋಗುವವರ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ಪರೀಕ್ಷೆ ಮಾಡುವುದು ಅವರ ಉದ್ಯೋಗ. ಎರಡೂ ಕೆನ್ನೆಯ ಕಡೆ ಡಬ್ಬಿಗಳಿರುವ ರಬ್ಬರಿನ ಮಾಸ್ಕ್ ಹಾಕಿಸಿ, ತಲೆಯ ಮೇಲೆ ಪಾರದರ್ಶಕ ಮುಸುಕೊಂದನ್ನು ಇಳಿಬಿಟ್ಟು, ಅದರ ತೂತಿನಿಂದ ಕಹಿ ನೀರನ್ನು ಹೊಗೆಯಂತೆ ಊದುತ್ತಾರೆ. ಮಾಸ್ಕ್ ಸರಿಯಾಗಿ ಕೂತಿದ್ದರೆ ಒಳಗಿರುವವನಿಗೆ ಏನೂ ತಿಳಿಯುವುದಿಲ್ಲ. ಕೂದಲೆಳೆಯಷ್ಟು ಸಂದಿಯಿದ್ದರೂ ನಾಲಿಗೆ ಕಹಿಯಾಗುತ್ತದೆ. ಕಹಿ ನುಗ್ಗಿದಲ್ಲಿ ಬಣ್ಣದ ವಿಷವೂ ನುಗ್ಗುತ್ತದೆ ಎಂದು ಲೆಕ್ಕ.

ಕಾರಿನ ತಗ್ಗು ಬಡಿದು ಎತ್ತುವವನನ್ನು ನಾವು ಸುತ್ತಿಗೆ ಅನ್ನುತ್ತೇವೆ. ಅವನ ಮುಖ ಬೋಳು, ತಲೆಯೂ ಬೋಳು. ಅವನು ಮೊದಲು ಕೂತು, ಎದ್ದು, ಪಾಸಾದ. ಅಣ್ಣ ಸರದಿಗೆ ಬಂದು ಕೂತಾಗ ಮೇಡಂ ಮುಸುಕನ್ನು ಕೈಗೇ ತೆಗೆದುಕೊಳ್ಳಲಿಲ್ಲ.

"ಗಡ್ಡದವರಿಗೆ ನಾನು ಪರೀಕ್ಷೆನೇ ಮಾಡಲ್ಲ ಅಣ್ಣಾ. ಪೊದೆ ಮೇಲೆ ಬಟ್ಟಲು ಬೋರಲು ಹಾಕಿ ಗಾಳಿ ನಿಲ್ಲಿಸೋಕಾಗುತ್ತಾ?"

"ಇಷ್ಟು ವರ್ಷ ಹೀಗೇ ಹೊಡೆದಿದ್ದೀನಲ್ಲ ಮೇಡಂ."

"ನಿಮಗಿಂತ ಮುಂಚೆ ಹೊಡೀತಿದ್ದವರು ಎಲ್ಲಿದ್ದಾರೆ?"

ಅಣ್ಣನಿಗೆ ಕೆಲಸ ಕಲಿಸಿದ ಹಳೆಯ ಪೇಂಟರ್ ಈಗ ಒಂದು ಮಹಡಿ ಹತ್ತಲು ಎರಡು ಕಡೆ ಕೂರುತ್ತಾರೆ. ಅದು ಎಲ್ಲರಿಗೂ ಗೊತ್ತಿತ್ತು.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. ಅವರು ನಮ್ಮ ವರ್ಕ್‌ಶಾಪಿಗೆ ಹಿರಿಯರು. ಯಾರಿಗಾದರೂ ಬೇಜಾರಾಗುವ ಮಾತು ಹೇಳಬೇಕಾದರೆ ಛಾವಣಿ ನೋಡಿಕೊಂಡು ಹೇಳುತ್ತಾರೆ. "ಮೇಡಂ ಮುಂದಿನ ತಿಂಗಳು ಮತ್ತೆ ಬರ್ತಾರೆ. ಅಷ್ಟರಲ್ಲಿ ನೀನು ದಿನಾ ಬೋಳಿಸೋದು ರೂಢಿ ಮಾಡ್ಕೊಂಡು ಪಾಸಾಗ್ಬೇಕು. ಆಗಲಿಲ್ಲ ಅಂದ್ರೆ ನಿನ್ನನ್ನ ಕಾರು ತೊಳೆಯೋ ಕಡೆ ಹಾಕ್ತೀನಿ. ಬಣ್ಣದ ಕೋಣೆ ಸುತ್ತಿಗೆಗೆ."

ಸುತ್ತಿಗೆ ಒಳ್ಳೆಯವನೇ. ಆದರೆ ಅವನು ಬಣ್ಣ ಹೊಡೆದರೆ ಗಿಡಕ್ಕೆ ನೀರು ಹಾಕಿದ ಹಾಗಿರುತ್ತದೆ. ಅಣ್ಣನ ಮುಖ ಗಡ್ಡದೊಳಗೇ ಬಿಳಿಚಿಕೊಂಡಿತು. ಅವನಿಗೆ ಬಣ್ಣದ ಕೋಣೆ ಬಿಟ್ಟು ಬೇರೆ ಜಗತ್ತಿಲ್ಲ. ಯಾರದೋ ಮದುವೆಗೆ ಹೋದರೂ ಮಂಟಪದ ಹೊರಗೆ ನಿಂತ ಕಾರುಗಳ ಬಾಗಿಲು ಸವರಿ, ಇದು ಎರಡನೇ ಸಲ ಹೊಡೆದದ್ದು ಎಂದು ಹೇಳಿ ಬರುವವನು.

ಅಂದು ಸಂಜೆ ಕ್ಷೌರದಂಗಡಿಯಲ್ಲಿ ಗಡ್ಡ ಹೋಯಿತು. ಮನೆ ಬಾಗಿಲಲ್ಲಿ ನಿಂತ ಅಣ್ಣನನ್ನು ನೋಡಿ ಅತ್ತಿಗೆ ಕೈಯಲ್ಲಿದ್ದ ಪಾತ್ರೆಯನ್ನು ನಿಧಾನಕ್ಕೆ ಕೆಳಗಿಟ್ಟಳು.

"ಯಾರು ಬೇಕಾಗಿತ್ತು?"

"ತಮಾಷೆ ಸಾಕು."

"ಗದ್ದ ಇದೆ ಕಣೇ!" ಎಂದು ನನ್ನ ಕಡೆ ತಿರುಗಿದಳು. "ಚಿಕ್ಕದು. ಆದ್ರೂ ಇದೆ. ಮೀಸೆ ಒಂದು ಉಳಿಸಿದ್ದಾರೆ, ಗುರುತಿಗೆ."

ಮೀಸೆ ಮಾಸ್ಕಿನ ಒಳಗೇ ನಿಲ್ಲುವುದರಿಂದ ಇರಲಿ ಎಂದಿದ್ದರು ಮೇಡಂ. ತೊಂದರೆ ಮರುದಿನದಿಂದ. ಕ್ಷೌರದವನು ಅಂಗಡಿ ತೆರೆಯುವ ಹೊತ್ತಿಗೆ ನಮ್ಮ ಕೆಲಸ ಅರ್ಧ ಮುಗಿದಿರುತ್ತದೆ. ಹಾಗಾಗಿ ಅಣ್ಣ ಒಂದರ ಕೆಳಗೊಂದು ಹಲವು ಬ್ಲೇಡಿರುವ ಪ್ಲಾಸ್ಟಿಕ್ ರೇಜರ್ ತಂದು ತಾನೇ ಬೋಳಿಸಿಕೊಂಡ. ಮೊದಲ ದಿನ ಕನ್ನಡಿಯಂತಿದ್ದ ಕುತ್ತಿಗೆ ವಾರ ಕಳೆಯುವಷ್ಟರಲ್ಲಿ ಹಣ್ಣಾದ ಅತ್ತಿಕಾಯಿಯ ಹಾಗಾಯಿತು. ಅವನ ಕೂದಲು ಗುಂಗುರು. ಆ ರೇಜರ್ ಕೂದಲನ್ನು ಎಳೆದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತಿತ್ತು. ಕತ್ತರಿಸಿದ ಕೂದಲು ಹೊರಗೆ ಬರುವ ದಾರಿ ತಿಳಿಯದೆ ಒಳಗೇ ಸುತ್ತಿಕೊಂಡು ಗುಳ್ಳೆ ಮಾಡುತ್ತಿತ್ತು. ಗುಳ್ಳೆ ಎಂದು ಎರಡು ದಿನ ಬಿಟ್ಟರೆ ಗಡ್ಡ ಬೆಳೆಯುತ್ತದೆ. ಬೋಳಿಸಿದರೆ ಗುಳ್ಳೆಗೇ ಬ್ಲೇಡು ತಾಗುತ್ತದೆ. ಅಡಕತ್ತರಿಗೆ ಸಿಕ್ಕಿದ ಹಾಗಾಯಿತು ಅವನ ಗತಿ.

"ಒಂದೇ ಬ್ಲೇಡಿನ ಹಳೇ ಥರದ ರೇಜರ್ ಇದೆಯಲ್ಲ, ಎರಡೂ ಕಡೆ ಅಂಚಿರೋದು, ಅದನ್ನ ತಗೋ. ಗುಳ್ಳೆ ಕಮ್ಮಿ ಅಂತಾರೆ" ಎಂದರು ಮೇಸ್ತ್ರಿ, ಛಾವಣಿ ನೋಡದೆ.

ತರುವ ಕೆಲಸ ನನ್ನ ಪಾಲಿಗೆ ಬಂತು. ಅಣ್ಣನಿಗೆ ಆ ಮುಖ ಹೊತ್ತು ಅಂಗಡಿಗೆ ಹೋಗಲು ನಾಚಿಕೆ. ನನಗೆ ನನ್ನ ಮುಖ ಹೊತ್ತು ಹೋಗಲೂ ನಾಚಿಕೆಯೇ, ಆದರೆ ಅದನ್ನು ಕೇಳುವವರಿಲ್ಲ.

ಕ್ಷೌರದ ಸಾಮಾನು ಮಾರುವ ಆ ಅಂಗಡಿ ಸಣ್ಣದು. ಒಂದು ಗೋಡೆಯ ತುಂಬ ಬ್ರಷ್ಷುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಅಂಗಡಿಯವರ ಗಡ್ಡ ಎದೆಯವರೆಗಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು, "ಮಿಠಾಯಿ ಮಾರೋನು ಮಿಠಾಯಿ ತಿಂತಾನೇನಮ್ಮ?" ಎಂದರು. ಗಲ್ಲಾಪೆಟ್ಟಿಗೆಯ ಹತ್ತಿರ ನಿಂತಿದ್ದ ಇಬ್ಬರು ಗಂಡಸರು ನಕ್ಕರು. ನನಗೆ ಅಲ್ಲಿಂದಲೇ ತಿರುಗಿ ಓಡಬೇಕೆನಿಸಿತು.

"ಅಣ್ಣನಿಗೆ. ರೇಜರ್" ಎಂದೆ.

"ಗಡ್ಡ ಎಂಥದ್ದು?"

"ಗುಂಗುರು. ಒರಟು. ಬಟ್ಟೆ ತಿಕ್ಕೋ ನಾರಿನ ಹಾಗೆ."

"ಯಾವ ಕಡೆ ಬೆಳೆಯುತ್ತೆ?"

ಅದನ್ನು ಬಾಯಲ್ಲಿ ಹೇಳಲು ನನಗೆ ಬರಲಿಲ್ಲ. ಊಟಕ್ಕೆ ಕೂತಾಗ ಎದುರಿಗೇ ಇರುವ ಮುಖ ಅದು, ನೋಡಿ ನೋಡಿ ಗೊತ್ತಿತ್ತು. ನನ್ನದೇ ಕೆನ್ನೆಯ ಮೇಲೆ ಬೆರಳು ಎಳೆದು ತೋರಿಸಿದೆ. ಕೆನ್ನೆಯಲ್ಲಿ ಕೆಳಗೆ. ಕುತ್ತಿಗೆಯಲ್ಲಿ ಕೆಳಗಿನಿಂದ ಮೇಲಕ್ಕೆ. ಎಡ ದವಡೆಯ ಮೂಲೆಯಡಿ ಮಾತ್ರ ಅಡ್ಡಕ್ಕೆ, ಕಿವಿಯ ಕಡೆಯಿಂದ ಗಂಟಲಿನ ಕಡೆಗೆ. ಇಬ್ಬರು ಗಂಡಸರೂ ನಗು ನಿಲ್ಲಿಸಿ ತಮ್ಮ ತಮ್ಮ ಕುತ್ತಿಗೆ ಸವರಿಕೊಳ್ಳತೊಡಗಿದರು.

"ಎಷ್ಟೋ ಗಂಡಸರಿಗೆ ತಮ್ಮ ಗಡ್ಡ ಯಾವ ಕಡೆ ಬೆಳೆಯುತ್ತೆ ಅಂತಾನೇ ಗೊತ್ತಿರಲ್ಲ" ಎಂದು ಅಂಗಡಿಯವರು ಉಕ್ಕಿನ ರೇಜರೊಂದನ್ನು ಮುಂದಿಟ್ಟರು. ಹಿಡಿ, ತಲೆ, ಮೇಲೊಂದು ಮುಚ್ಚಳ. ಬಿಚ್ಚಿ, ಬ್ಲೇಡನ್ನು ನಡುವೆ ಮಲಗಿಸಿ, ತಿರುಪಿ ತೋರಿಸಿದರು. "ಇದು ಸಾಧು. ಬ್ಲೇಡಿನ ಅಂಚು ಸ್ವಲ್ಪವೇ ಹೊರಗೆ ಇಣುಕುತ್ತೆ. ಹೊಸಬರಿಗೆ ಇದೇ. ಬೆಳೆಯೋ ಕಡೆಗೇ ಎಳೀಬೇಕು, ಎದುರಿಗಲ್ಲ. ಒತ್ತಬಾರದು. ರೇಜರಿನ ಭಾರ ಎಷ್ಟಿದೆಯೋ ಅಷ್ಟೇ."

"ಬ್ಲೇಡು? ಯಾವುದು ಒಳ್ಳೇದು?"

"ಚಪ್ಪಲಿ ಅಂಗಡೀಲಿ ಯಾವ ಸೈಜು ಒಳ್ಳೇದು ಅಂತ ಕೇಳ್ತೀಯಾ? ಒಬ್ಬರಿಗೆ ಬೆಣ್ಣೆ ಆಗಿದ್ದು ಇನ್ನೊಬ್ಬರಿಗೆ ಗರಗಸ." ಹಸಿರು, ಹಳದಿ, ನೀಲಿ ಹೊದಿಕೆಯ ಬ್ಲೇಡುಗಳನ್ನು ಸ್ವಲ್ಪ ಸ್ವಲ್ಪ ಕಟ್ಟಿಕೊಟ್ಟರು. "ಹಸಿರು ಮೆತ್ತಗಿನದು, ಹಳದಿ ಮಧ್ಯದ್ದು, ನೀಲಿ ಬಲು ಹರಿತ. ಒಂದೊಂದಕ್ಕೂ ಎರಡು ಮೂರು ಸಲ ಅವಕಾಶ ಕೊಡಬೇಕು. ಬ್ಲೇಡು ಬದಲಾಯಿಸುವಾಗ ಸೋಪು ಬದಲಾಯಿಸಬಾರದು. ಎಲ್ಲಾ ಒಟ್ಟಿಗೆ ಬದಲಾಯಿಸಿದ್ರೆ ಕಳ್ಳ ಯಾರು ಅಂತ ಹೇಗೆ ಗೊತ್ತಾಗುತ್ತೆ?"

ಮನೆಗೆ ಬಂದು ಕೇಳಿದ್ದನ್ನೆಲ್ಲ ಅಣ್ಣನಿಗೆ ಒಪ್ಪಿಸಿದೆ. ಅವನು ಅರ್ಧವೇ ಕೇಳಿಸಿಕೊಂಡ. ನೀಲಿ ಹೊದಿಕೆ ಕಂಡದ್ದೇ ಅವನ ಕಣ್ಣರಳಿತು.

"ಇದು ನಮ್ಮ ಬ್ಲೇಡು ಕಣೇ! ವರ್ಕ್‌ಶಾಪಿನ ಡ್ರಾಯರ್ ತುಂಬ ಇದೇ ಇರೋದು. ಇದರಲ್ಲಿ ನಾನು ಎಷ್ಟು ವರ್ಷದಿಂದ ಕೆಲಸ ಮಾಡಿದ್ದೀನಿ! ನನಗೆ ಬ್ಲೇಡು ಕಲಿಸ್ತಾನಂತೆ ಅವನು."

ಬಣ್ಣ ದಪ್ಪವಾಗಿ ಬಿದ್ದರೆ ಹನಿಯಾಗಿ ಇಳಿದು ಗಟ್ಟಿಯಾಗುತ್ತದೆ. ಅದಕ್ಕೆ ನಾವು ಕಣ್ಣೀರು ಅನ್ನುತ್ತೇವೆ. ಒಣಗಿದ ಮೇಲೆ ಆ ಕಣ್ಣೀರನ್ನು ಹೆರೆದು ತೆಗೆಯಲು ಇಂಥದ್ದೇ ಬ್ಲೇಡು ಬೇಕು. ಅಣ್ಣನ ಮಾತು ಅಲ್ಲಿಗೆ ಸರಿ. ಮುಖಕ್ಕೂ ಅದನ್ನೇ ಹಾಕಿದ.

ಬೋಳಿಸುವುದು ಎಂದರೇನೆಂದು ಅಣ್ಣನಿಗೆ ತನ್ನದೇ ಕಲ್ಪನೆಯಿತ್ತು. ಮೊದಲು ತೊಳೆತ. ಆಮೇಲೆ ಪ್ರೈಮರ್, ಅಂದರೆ ನೊರೆ, ಎರಡು ಕೋಟು. ನೊರೆಗೆ ಬ್ರಷ್ ಮುಟ್ಟಲು ಒಪ್ಪಲಿಲ್ಲ. "ನಾನು ಬ್ರಷ್ ಹಿಡಿಯೋದಾ?" ಎಂದು ಅಂಗೈಯಲ್ಲೇ ಮೆತ್ತಿಕೊಂಡ. ಅದಕ್ಕೂ ಮೊದಲು ನನ್ನನ್ನು ಕರೆದು, "ಮೀಸೆಗೆ ಮರೆ ಕಟ್ಟು" ಎಂದ.

"ಏನು?"

"ಅಂಚು ನೇರ ಬರಬೇಡ್ವಾ? ಟೇಪು ಹಾಕು."

ಕಸುಬಿನ ವಿಷಯ ಬಂದರೆ ನಾನು ಎದುರು ಮಾತಾಡುವುದಿಲ್ಲ. ಮೀಸೆಯ ಮೇಲೆ ಟೇಪು ಅಂಟಿಸಿ, ತುಟಿಯ ಮೂಲೆಯಲ್ಲಿ ಓರೆ ಮಾಡಿ, ಉಗುರಿನಿಂದ ಒತ್ತಿದೆ. ಕಾರಿನ ದೀಪಕ್ಕೂ ಅಷ್ಟು ಚೆನ್ನಾಗಿ ಮಾಡಿರಲಿಲ್ಲ.

ಅಣ್ಣ ಬೋಳಿಸಿದ. ಬೋಳಿಸಿದ ಎನ್ನುವುದಕ್ಕಿಂತ ತುಕ್ಕು ತೆಗೆದ ಎನ್ನಬೇಕು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಅಡ್ಡ, ಓರೆ, ಒರಟು ಜಾಗವನ್ನು ನಾಲ್ಕೂ ಕಡೆಯಿಂದ ಉಜ್ಜಬೇಕೆಂಬ ಉಪ್ಪುಕಾಗದ ತಿಕ್ಕುವವರ ಲೆಕ್ಕದಲ್ಲಿ. ನಡುನಡುವೆ ಅಂಗೈಯಿಂದ ಸವರಿ ನೋಡುವನು, ಇನ್ನೂ ತರಿ ಇದೆ ಎನ್ನುವನು, ಮತ್ತೆ ಉಜ್ಜುವನು. ನೊರೆ ಗುಲಾಬಿ ಬಣ್ಣಕ್ಕೆ ತಿರುಗಿತು.

"ಎಷ್ಟು ಕೋಟು ಹೊಡೀತೀರ್ರೀ? ಕೆಂಪು ಬಣ್ಣ ಶುರುವಾಯ್ತು" ಎಂದಳು ಅತ್ತಿಗೆ.

ಕೊನೆಗೆ ಟೇಪು ತೆಗೆಯುವ ಹೊತ್ತು. ಟೇಪನ್ನು ಹಿಂದಕ್ಕೆ ಮಡಚಿ ಒಂದೇ ಎಳೆತಕ್ಕೆ ತೆಗೆಯಬೇಕು, ಇಲ್ಲದಿದ್ದರೆ ಅಂಚು ಹಾಳಾಗುತ್ತದೆ. ಅಣ್ಣ ಹಾಗೆಯೇ ಎಳೆದ. ಅವನು ಕೂಗಿದ್ದು ಪಕ್ಕದ ಮನೆಯವರು ಕಿಟಕಿ ತೆರೆಯುವಷ್ಟು ಜೋರಾಗಿತ್ತು. ಟೇಪಿನ ಜೊತೆ ಮೀಸೆಯ ಬಲಭಾಗ ಬಂದಿತ್ತು. ಅಂಚು ಮಾತ್ರ ಬಹಳ ನೇರವಾಗಿತ್ತು.

"ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ ಅಂತಾರೆ" ಎಂದು ಅತ್ತಿಗೆ ಗೋಡೆ ಹಿಡಿದು ನಗುತ್ತ ಕೂತುಬಿಟ್ಟಳು. "ಇಲ್ಲಿ ಜಟ್ಟಿ ನಿಂತೇ ಇದ್ದಾನೆ, ಮೀಸೆನೇ ಇಲ್ಲ!"

ಉಳಿದ ಎಡಭಾಗವನ್ನೂ ತೆಗೆಯಬೇಕಾಯಿತು. ಮರುದಿನ ಅಣ್ಣ ಮುಖದ ಮೇಲೆ ಅಲ್ಲಲ್ಲಿ ಕಾಗದದ ಚೂರು ಅಂಟಿಸಿಕೊಂಡು ಕೆಲಸಕ್ಕೆ ಬಂದ. ಸುತ್ತಿಗೆ ಅವನ ಸುತ್ತ ಒಂದು ಸುತ್ತು ಬಂದು, "ಈ ಗಾಡಿ ಎಲ್ಲಿ ಗುದ್ದಿಸ್ಕೊಂಡು ಬಂತು? ಇನ್ಶೂರೆನ್ಸ್ ಇದೆಯಾ?" ಎಂದ. ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ಮಧ್ಯಾಹ್ನ ಅವನು ಬಣ್ಣದ ಕೋಣೆಯ ಗಾಜಿನ ಹೊರಗೆ ನಿಂತು, ಸುತ್ತಿಗೆ ಒಳಗೆ ಒಂದು ಹಳೆಯ ಬಾಗಿಲಿನ ಮೇಲೆ ಕೈ ಪಳಗಿಸಿಕೊಳ್ಳುವುದನ್ನು ನೋಡುತ್ತಿದ್ದ. ಮೇಸ್ತ್ರಿ ಆಗಲೇ ಅವನಿಗೆ ಅಭ್ಯಾಸ ಮಾಡಿಸುತ್ತಿದ್ದರು. ಅಣ್ಣನ ಬಲಗೈ ತನಗರಿವಿಲ್ಲದೆ ಗಾಳಿಯಲ್ಲಿ ಎಡಕ್ಕೂ ಬಲಕ್ಕೂ ಹೋಗುತ್ತಿತ್ತು, ಗನ್ ಹಿಡಿದ ಹಾಗೆ.

ಗಾಯ ಮಾಯ್ದ ಮೇಲೆ ಅಣ್ಣ ಜಂಭ ಬಿಟ್ಟು ಅಂಗಡಿಯವರ ಮಾತಿಗೆ ಬಂದ. ಬ್ರಷ್ ಕೂಡ ಹಿಡಿದ, ಬಾಗಿಲು ಹಾಕಿಕೊಂಡು. ಹಸಿರು ಬ್ಲೇಡಿನಿಂದ ಶುರುವಾಯಿತು. ಅದು ಕತ್ತರಿಸುವ ಬದಲು ಕೂದಲನ್ನು ಹಿಡಿದು ಎಳೆಯುತ್ತಿತ್ತು. "ಇದು ನಮ್ಮ ಹಳೇ ಕ್ಲಾಸ್ ಟೀಚರ್" ಎಂದ ಅಣ್ಣ. "ಹೊಡೆಯೋದಿಲ್ಲ, ಕಿವಿ ಹಿಂಡುತ್ತೆ." ಹಳದಿ ಕೆನ್ನೆಯಲ್ಲಿ ಸಲೀಸಾಗಿ ಹೋಗಿ ಗದ್ದದ ಹತ್ತಿರ ನಿಂತುಬಿಡುತ್ತಿತ್ತು. ನಿಂತಲ್ಲಿ ಅಣ್ಣ ಒತ್ತುವನು, ಒತ್ತಿದಲ್ಲಿ ರಕ್ತ. "ಇದು ಸೋಮಾರಿ ಭಾವ. ಅರ್ಧ ದಾರಿ ಬಂದು ಕೂತ್ಕೊಳ್ತಾನೆ." ಗುಳ್ಳೆ ಮೊದಲಿಗಿಂತ ಕಡಿಮೆಯಾಗಿತ್ತು, ನಿಜ. ಆದರೆ ಬೋಳಿಸಿದ ಮೇಲೂ ಬೆರಳಿಗೆ ತರಿ ಸಿಗುತ್ತಿತ್ತು. ಮಾಸ್ಕ್ ಕೂರಲು ಅದು ಸಾಲದು.

"ನೀಲಿ?" ಎಂದೆ.

"ಅದರ ಹೆಸರು ಎತ್ತಬೇಡ" ಎಂದ.

ಮೇಡಂ ಬರುವ ದಿನ ಹತ್ತಿರವಾಯಿತು. ಆ ವಾರವೇ ಒಂದು ಕಪ್ಪು ಕಾರಿನ ಬಾಗಿಲಲ್ಲಿ ಕಣ್ಣೀರು ಇಳಿಯಿತು. ಸುತ್ತಿಗೆಯ ಅಭ್ಯಾಸದ ಫಲ. ಕಪ್ಪು ಬಣ್ಣ ಎಲ್ಲಕ್ಕಿಂತ ಕಷ್ಟದ್ದು, ಉಗುರು ತಾಗಿದರೂ ಗೀರು ಕಾಣುತ್ತದೆ. ಸರಿಮಾಡಲು ಮೇಸ್ತ್ರಿ ಅಣ್ಣನನ್ನೇ ಕರೆದರು. ನಾನು ಪಕ್ಕದ ಕಾರಿನ ಕಿಟಕಿಗೆ ಕಾಗದ ಅಂಟಿಸುತ್ತಿದ್ದೆ.

ಅಣ್ಣ ನೀಲಿ ಬ್ಲೇಡೊಂದನ್ನು ಹೊದಿಕೆಯಿಂದ ಬಿಡಿಸಿ, ಎರಡು ಬೆರಳುಗಳ ನಡುವೆ ತುಸು ಬಾಗಿಸಿ ಹಿಡಿದ. ಬಣ್ಣದ ಹನಿಯ ಮೇಲೆ ಇಟ್ಟ. ಇಟ್ಟ ಎಂದು ಹೇಳಲೂ ಆಗದು, ಅದು ತಾನೇ ಬಂದು ಕೂತ ಹಾಗಿತ್ತು. ಉಸಿರು ಬಿಗಿಹಿಡಿದು ಮೆಲ್ಲಗೆ ಎಳೆದ. ಅಕ್ಕಿಕಾಳಿನಷ್ಟು ಉದ್ದ, ಅಷ್ಟೇ. ಬ್ಲೇಡು ಒರೆಸಿದ. ಮತ್ತೆ ಅಷ್ಟೇ ಉದ್ದ. ಕಣ್ಣೀರು ಸಿಪ್ಪೆ ಸಿಪ್ಪೆಯಾಗಿ ಎದ್ದು ಬಂತು. ಅದರ ಸುತ್ತಲಿನ ಬಣ್ಣಕ್ಕೆ ಏನೂ ಆಗಿರಲಿಲ್ಲ. ಎಲ್ಲ ಹೋಗುವವರೆಗೂ ಕೆರೆಯಲಿಲ್ಲ ಅವನು. ಹೆಚ್ಚಿನದ್ದು ಹೋದದ್ದೇ ಕೈ ತೆಗೆದ.

ನನ್ನ ಕೈಯಲ್ಲಿದ್ದ ಟೇಪು ನನ್ನ ಬೆರಳಿಗೇ ಅಂಟಿಕೊಂಡಿತ್ತು.

ಅಂದು ಬಸ್ಸಿನಲ್ಲಿ ಮನೆಗೆ ಬರುವಾಗ ಹೇಳಿದೆ. "ಅಣ್ಣ, ನೀನು ಆ ಬಾಗಿಲಿಗೆ ಒತ್ತಲೇ ಇಲ್ಲ."

"ಒತ್ತಿದ್ರೆ ಬಣ್ಣ ಎದ್ದು ಬರಲ್ವಾ? ಗಿರಾಕಿ ಕಾರು ಅದು."

"ಮುಖದ ಮೇಲೆ ಒತ್ತುತ್ತೀಯ."

ಅವನ ಬೆರಳು ಕುತ್ತಿಗೆಯ ಗುಳ್ಳೆಗಳ ಮೇಲೆ ಹೋಯಿತು.

"ನೀನು ಮುಖಾನ ಉಪ್ಪುಕಾಗದ ಹಾಕಿ ತಿಕ್ಕುತ್ತಿದ್ದೀಯ. ಅದು ತಿಕ್ಕೋ ಕೆಲಸ ಅಲ್ಲ. ಕಣ್ಣೀರು ತೆಗೆಯೋ ಕೆಲಸ. ಅದೇ ಬ್ಲೇಡು, ಅದೇ ಕೈ."

"ಇಷ್ಟು ಮಾತು ನೀನು ಈ ವರ್ಷ ಇದೇ ಮೊದಲ ಸಲ ಆಡಿದ್ದು" ಎಂದ ಅಣ್ಣ. ಬಸ್ಸಿನಿಂದ ಇಳಿಯುವಾಗ, "ನನ್ನ ಮುಖ ಯಾವ ಗಿರಾಕಿದು ಅಂತ ಅಂದ್ಕೊಳ್ಳಲಿ?" ಎಂದು ಕೇಳಿದ.

ಮನೆಯಲ್ಲಿ ಅತ್ತಿಗೆ ಅದಕ್ಕೆ ಉತ್ತರ ಕೊಟ್ಟಳು. "ನಂದು ಅಂದ್ಕೊಳ್ಳಿ. ಗೀರಾದ್ರೆ ವಾಪಸ್ ತಗೊಳ್ಳಲ್ಲ."

ಮರುದಿನ ಬೆಳಿಗ್ಗೆ ಅಣ್ಣ ಬಿಸಿನೀರಿನ ಬಟ್ಟೆಯನ್ನು ಮುಖಕ್ಕೆ ಒತ್ತಿ ಕೂತ. ನೊರೆ ಹಚ್ಚಿ, ನೀಲಿ ಬ್ಲೇಡು ಹಾಕಿದ ರೇಜರನ್ನು ಹಿಡಿಯ ತುದಿಯಲ್ಲಿ ಹಿಡಿದು, ಕೆನ್ನೆಗೆ ಒರಗಿಸಿ, ಉಸಿರು ಬಿಗಿಹಿಡಿದ. ಪುಟ್ಟ ಪುಟ್ಟ ಎಳೆತ. ನೀರಲ್ಲಿ ಅದ್ದಿ ಮತ್ತೆ. ಒಣ ಎಲೆಯ ಮೇಲೆ ಇರುವೆ ನಡೆದಂಥ ಸಣ್ಣ ಸದ್ದು ಕೇಳುತ್ತಿತ್ತು. ಬೆಳೆಯುವ ಕಡೆಗೆ ಒಂದು ಸುತ್ತು, ಮತ್ತೆ ನೊರೆ ಹಚ್ಚಿ ಓರೆಯಾಗಿ ಇನ್ನೊಂದು ಸುತ್ತು, ಅಷ್ಟಕ್ಕೇ ಸಾಕು ಎಂದು ಕೆಳಗಿಟ್ಟ. ತಣ್ಣೀರಲ್ಲಿ ತೊಳೆದು ಕನ್ನಡಿ ನೋಡಿದ. ರಕ್ತವಿಲ್ಲ. ಹರಿತವಾದದ್ದು ಎಳೆಯುವುದೂ ಇಲ್ಲ, ನಿಲ್ಲುವುದೂ ಇಲ್ಲ, ಹಾಗಾಗಿ ಒತ್ತುವ ಅಗತ್ಯವೇ ಬರಲಿಲ್ಲ. ಇಷ್ಟು ದಿನ ಬೈಸಿಕೊಂಡ ನೀಲಿಯೇ ಅವನ ಒರಟು ಗಡ್ಡಕ್ಕೆ ಹೊಂದುವಂಥದ್ದಾಗಿತ್ತು.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ" ಎಂದಳು ಅತ್ತಿಗೆ. ಈ ಸಲ ಅಣ್ಣನೂ ನಕ್ಕ.

ಮೇಡಂ ಬಂದ ದಿನ ಇಡೀ ವರ್ಕ್‌ಶಾಪು ಕೆಲಸ ಬಿಟ್ಟು ಸುತ್ತ ನಿಂತಿತು. ಅಣ್ಣ ಮಾಸ್ಕ್ ಹಾಕಿ ಕೂತ. ಮುಸುಕು ಇಳಿಯಿತು. ಮೇಡಂ ಊದಿದರು. ಜೋರಾಗಿ ಉಸಿರಾಡಿ ಎಂದರು, ಆಡಿದ. ತಲೆ ಎಡಕ್ಕೆ ಬಲಕ್ಕೆ ತಿರುಗಿಸಿ ಎಂದರು, ತಿರುಗಿಸಿದ. ಏನಾದರೂ ಮಾತಾಡಿ ಎಂದರು. ಅಣ್ಣ ಮಾಸ್ಕಿನೊಳಗಿಂದ ತಾನು ಬಲ್ಲ ಬಿಳಿ ಬಣ್ಣಗಳ ಹೆಸರೆಲ್ಲ ಹೇಳಿದ. ಮುತ್ತಿನ ಬಿಳಿ, ಹಾಲಿನ ಬಿಳಿ, ಮೂಳೆಯ ಬಿಳಿ. ಸುತ್ತಿಗೆ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಕೊನೆಗೆ ಮುಂದಕ್ಕೆ ಬಾಗಿ ಎಂದರು.

ಬಾಗಿದ ಅಣ್ಣ ಹಾಗೆಯೇ ಉಳಿದ. ಆಮೇಲೆ ಕೈ ಎತ್ತಿದ.

ಅವನ ನಾಲಿಗೆಯಲ್ಲಿ ಏನಿದೆಯೆಂದು ಅವನೊಬ್ಬನಿಗೇ ಗೊತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೇಡಂ ಮುಸುಕು ತೆಗೆದರು.

"ಸ್ವಲ್ಪ ಕಹಿ" ಎಂದ ಅಣ್ಣ, ನೆಲ ನೋಡುತ್ತ.

ಮೇಸ್ತ್ರಿ ಛಾವಣಿ ನೋಡಿದರು.

"ಹೇಳಿದ್ದು ಒಳ್ಳೇದಾಯ್ತು" ಎಂದು ಮೇಡಂ ಮಾಸ್ಕ್ ಕಳಚಿಸಿ, ಅದರ ಅಂಚು ಕೂತ ಗುರುತಿನ ಮೇಲೆ ಬೆರಳು ಆಡಿಸಿದರು. ಎಡ ದವಡೆಯ ಮೂಲೆಯಡಿ ಬೆರಳು ನಿಂತಿತು. "ಇಲ್ಲಿ ಉಳಿದಿದೆ. ಬಟಾಣಿ ಕಾಳಿನಷ್ಟು ಜಾಗ. ಬಾಗಿದಾಗ ಇಲ್ಲಿಂದ ನುಗ್ಗಿದೆ. ನಾನು ಟೀ ಕುಡಿಯೋವರೆಗೆ ಇರ್ತೀನಿ ಅಣ್ಣಾ, ಆಮೇಲೆ ಬೇರೆ ಕಡೆ ಹೋಗ್ಬೇಕು."

ಗಡ್ಡಕ್ಕೆ ಬೆಂಕಿ ಹತ್ತಿದಾಗ ಬಾವಿ ತೋಡಿದ ಹಾಗೆ ಎಲ್ಲರೂ ಓಡಿದರು. ರೇಜರ್ ಅಣ್ಣನ ಚೀಲದಲ್ಲೇ ಇತ್ತು. ಬಣ್ಣದವನು ತಿದ್ದುವ ಸಾಮಾನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಡ್ರಾಯರಿನಿಂದ ಹೊಸ ನೀಲಿ ಬ್ಲೇಡು ಬಂತು. ಮೇಡಂಗೆಂದು ಕಾಯಿಸಿದ್ದ ನೀರಿನಲ್ಲಿ ಅರ್ಧ ಅಣ್ಣನ ಕೆನ್ನೆಗೆ ಹೋಯಿತು. ಕೈ ತೊಳೆಯುವ ಸೋಪಿನ ನೊರೆ ಮಾಡಿದವನು ಸುತ್ತಿಗೆ.

"ನೀನ್ಯಾಕೆ ಓಡಾಡ್ತಿದ್ದೀಯ?" ಎಂದು ಯಾರೋ ಕೇಳಿದರು.

"ಆ ಕೋಣೇಲಿ ಬಾಗಿಲು ಹಾಕಿದ್ರೆ ನಂಗೆ ಉಸಿರು ಕಟ್ಟುತ್ತೆ ಮಾರಾಯಾ. ಇವನು ಪಾಸಾದ್ರೆ ನಾನು ಬದುಕ್ಕೊಂಡೆ."

ಬಚ್ಚಲಿನಲ್ಲಿ ಕನ್ನಡಿಯಿಲ್ಲ. ಅಣ್ಣ ರಿಪೇರಿಗೆ ಬಂದ ಕಾರಿನ ಪಕ್ಕದ ಕನ್ನಡಿಯ ಮುಂದೆ ಮಂಡಿಯೂರಿ ಕೂತ. ಸುತ್ತ ತಲೆಗಳು. "ಮೇಲಿಂದ ಎಳಿ." "ಬೇಡ, ಕೆಳಗಿಂದ." "ಚರ್ಮ ಬಿಗಿಹಿಡಿ." "ಒತ್ತು, ಸ್ವಲ್ಪ ಒತ್ತು!" ಕನ್ನಡಿಯಲ್ಲಿ ದವಡೆಯ ಆ ಮೂಲೆ ಕಾಣುತ್ತಲೇ ಇರಲಿಲ್ಲ. ಅಣ್ಣ ರೇಜರನ್ನು ದವಡೆಗೆ ತಂದು, ಎತ್ತಿ, ಮತ್ತೆ ತಂದು, ಮತ್ತೆ ಎತ್ತಿದ. ಅವನ ಕೈ ಹೀಗೆ ತಡವರಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ.

"ಎಲ್ಲರೂ ಸುಮ್ಮನಿರಿ!"

ಸುಮ್ಮನಾದರು. ಯಾರು ಕೂಗಿದ್ದೆಂದು ತಿರುಗಿ ನೋಡಿದರು. ನಾನೂ ತಿರುಗಿ ನೋಡುತ್ತಿದ್ದೆನೇನೋ, ಆದರೆ ನನ್ನ ಹಿಂದೆ ಯಾರೂ ಇರಲಿಲ್ಲ.

ಹತ್ತಿರ ಹೋಗಿ ಅಣ್ಣನ ಗದ್ದ ಹಿಡಿದು ಮೇಲೆತ್ತಿದೆ. "ಅಲ್ಲಿ ಮಾತ್ರ ಅಡ್ಡಕ್ಕೆ ಬೆಳೆಯುತ್ತೆ. ಕಿವಿ ಕಡೆಯಿಂದ ಗಂಟಲ ಕಡೆಗೆ. ಕನ್ನಡಿ ನೋಡಬೇಡ, ಬಾಗಿಲಿನ ಒಳಗಡೆ ಕೆಲಸ ಮಾಡೋವಾಗ ಹೇಗೆ ನೋಡ್ತೀಯ?"

"ನೋಡಲ್ಲ. ಬೆರಳಲ್ಲೇ."

"ಹಾಗೇ."

ಅಣ್ಣ ಕಣ್ಣು ಮುಚ್ಚಿದ. ಎಡಗೈ ಬೆರಳಿನಿಂದ ಜಾಗ ಹುಡುಕಿ, ರೇಜರ್ ತಂದು ಅಲ್ಲಿ ಕೂರಿಸಿದ. ಈ ಸಲ ಕೈ ತಡವರಿಸಲಿಲ್ಲ. ಒಂದು ಎಳೆತ, ಅಕ್ಕಿಕಾಳಿನುದ್ದ. ಇನ್ನೊಂದು. ಇರುವೆ ನಡೆದ ಸದ್ದು. ಇಷ್ಟೂ ಜನ ಉಸಿರು ಬಿಗಿಹಿಡಿದಿದ್ದರು, ಮುಖ ಅವರದ್ದೇ ಎಂಬಂತೆ.

ಮೇಡಂ ಲೋಟ ಕೆಳಗಿಟ್ಟು ಮತ್ತೆ ಬೆರಳು ಆಡಿಸಿದರು. ಅಣ್ಣನಿಗೆ ಬಾಯಿ ಮುಕ್ಕಳಿಸಲು ಹೇಳಿ, ಕಹಿ ಪೂರ್ತಿ ಹೋಯಿತೇ ಎಂದು ಕೇಳಿ, ಮಾಸ್ಕ್ ಹಾಕಿಸಿದರು. ಮುಸುಕು. ಊದುವುದು. ಉಸಿರು, ಎಡ, ಬಲ, ಮೇಲೆ, ಕೆಳಗೆ. ಬಿಳಿ ಬಣ್ಣಗಳು ಮುಗಿದಿದ್ದರಿಂದ ಈ ಸಲ ಕೆಂಪು ಬಣ್ಣಗಳ ಹೆಸರು. ಬಾಗುವುದು.

ಬಾಗಿದ. ಕೈ ಮೇಲೇಳಲಿಲ್ಲ. ಮೇಡಂ ಮತ್ತೂ ಊದಿದರು. ಮುಸುಕಿನೊಳಗೆ ಮಂಜು ಕವಿದ ಹಾಗಾಯಿತು.

"ಕಹಿ?"

ಮಂಜಿನೊಳಗೆ ತಲೆ ಅಡ್ಡ ಆಡಿತು.

"ನಿಜ ಹೇಳಿ, ಪೂರ್ತಿ ಇಲ್ವಾ? ಸರಿ. ಹಾಗಾದ್ರೆ ಮುಸುಕಿನೊಳಗೇ ಮಾಸ್ಕ್ ತೆಗೀರಿ, ಅದು ತಡೆದಿದ್ದು ಎಷ್ಟು ಕಹಿ ಅಂತ ಗೊತ್ತಾಗ್ಲಿ."

ಅಣ್ಣ ಮಾಸ್ಕ್ ಕೆಳಗೆಳೆದ. ಒಂದು ಉಸಿರು ತೆಗೆದುಕೊಂಡ. ಅವನ ಪುಟ್ಟ ಗದ್ದ ನಡುಗಿ, ಬೋಳು ಮೇಲ್ದುಟಿ ಸೊಟ್ಟಗಾಗಿ, ಇಡೀ ಮುಖ ಹಿಂಡಿದ ಬಟ್ಟೆಯ ಹಾಗೆ ಮುದುಡಿಕೊಂಡಿತು.

"ಥೂ! ಥೂ! ಅಯ್ಯಪ್ಪಾ, ಏನ್ರೀ ಇದು, ಥೂ!"

ನಮ್ಮ ವರ್ಕ್‌ಶಾಪಿನ ಸುತ್ತಿಗೆಗಳೆಲ್ಲ ಒಟ್ಟಿಗೆ ಬಡಿದರೂ ಅಷ್ಟು ಗದ್ದಲವಾಗುತ್ತಿರಲಿಲ್ಲ. ಜನ ಬಾನೆಟ್ಟಿನ ಮೇಲೆ ಬಡಿದು ಕುಣಿದರು. ಮೇಸ್ತ್ರಿ ಅಣ್ಣನ ಬೆನ್ನು ತಟ್ಟಿ, ಬಣ್ಣದ ಕೋಣೆಯ ಕಡೆ ಬೆರಳು ತೋರಿಸಿದರು. ಅಣ್ಣ ಇನ್ನೂ ಉಗುಳುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು, ನಗುತ್ತ, ಮಾಸ್ಕನ್ನು ಎದೆಗೆ ಒತ್ತಿ ಹಿಡಿದು ಒಳಗೆ ಹೋದ.